ಮಾತಿಗೆ ಮಣಿಯದ್ದು ಪತ್ತಿಗೆ ಮಣಿಯಿತು

ಕಾಪು, ಕಾರ್ಕಳಗಳ ಎಷ್ಟೋ ಮನೆಗಳಿಗೆ ಮುಂಬಯಿಯೇ ಅನ್ನದ ದಾರಿ. 2008ರ ನವೆಂಬರ್ 26ರಂದು ಆರಂಭವಾದ ದಾಳಿಯಲ್ಲಿ ಅಲ್ಲಿ 166 ಮಂದಿ ಮಡಿದರು. ಸಂಚು ಹೂಡಿದ ಲಷ್ಕರ್-ಎ-ತೋಯ್ಬಾದ ಸ್ಥಾಪಕ ಹಫೀಜ್ ಸಯೀದನನ್ನು ವಿಶ್ವಸಂಸ್ಥೆಯು ಮರುತಿಂಗಳೇ ಭಯೋತ್ಪಾದಕರ ಪಟ್ಟಿಗೆ ಸೇರಿಸಿತು. ಆದರೂ ಪಾಕಿಸ್ತಾನದಲ್ಲಿ ಅವನು ಬಹುಕಾಲ ಬಹಿರಂಗವಾಗಿಯೇ ಭಾಷಣ ಮಾಡುತ್ತಿದ್ದನು.

1925ರಲ್ಲಿ ಸಿಂಡಿಕೇಟ್ ಬ್ಯಾಂಕನ್ನು ಹೆತ್ತ ಉಡುಪಿಯವರಿಗೆ ಪತ್ತಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಜಗತ್ತು ಕೊನೆಗೆ ಹಿಡಿದದ್ದು ಆ ಜುಟ್ಟನ್ನೇ. 2018ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ಕಾರ್ಯಪಡೆಯು ಪಾಕಿಸ್ತಾನವನ್ನು ಬೂದುಪಟ್ಟಿಗೆ ಸೇರಿಸಲು, ಸಾಲ ಕೊಡುವವರು ಹಿಂಜರಿದಾರೆಂಬ ಭಯ ಹುಟ್ಟಿತು. 2020ರಲ್ಲಿ ಸಯೀದನಿಗೆ ಸೆರೆವಾಸವಾಯಿತು. 2022ರ ಅಕ್ಟೋಬರಿನಲ್ಲಿ ಆ ದೇಶವು ಪಟ್ಟಿಯಿಂದ ಹೊರಬಂದಿತು. ಆದರೆ ಶಿಕ್ಷೆಯಾದದ್ದು ಭಯೋತ್ಪಾದನೆಗೆ ಹಣ ಕೂಡಿಸಿದ್ದಕ್ಕೆ, ಮುಂಬಯಿಯ ಕೊಲೆಗಳಿಗಲ್ಲ. ಹಣದ ಲೆಕ್ಕವನ್ನೇನೋ ಕೇಳಿದ್ದಾಯಿತು. ನೆತ್ತರಿನ ಲೆಕ್ಕ ಇನ್ನೂ ಉಳಿದಿದೆ.