ಕೊಕ್ಕೊ ಕಲಿಸಿದ ಪಾಠ

ಕಾಸರಗೋಡಿನ ನಮ್ಮ ಅಡಕೆ ತೋಟಗಳ ನೆರಳಿನಲ್ಲಿ ಕೊಕ್ಕೊ ಹಬ್ಬಿದುದು 1970ರ ದಶಕದಲ್ಲಿ. ಬಹುರಾಷ್ಟ್ರೀಯ ಚಾಕಲೇಟು ಕಂಪನಿಯ ಪ್ರೋತ್ಸಾಹದಿಂದ ಬೆಳೆಸುವ ವಿದ್ಯೆ ನಮಗೆ ದೊರೆಯಿತು; ಬೀಜವನ್ನು ಚಾಕಲೇಟಾಗಿಸುವ ವಿದ್ಯೆ ಮಾತ್ರ ಕಂಪನಿಯಲ್ಲೇ ಉಳಿಯಿತು. ದಶಕದ ಕೊನೆಗೆ ಖರೀದಿ ಕುಗ್ಗಿ ದರ ಕುಸಿದಾಗ, ಕೈಯಲ್ಲಿದ್ದ ಹಸಿಬೀಜಕ್ಕೆ ಬೇರೆ ದಾರಿಯೇ ಇರಲಿಲ್ಲ.

ಕರ್ನಾಟಕ ಮತ್ತು ಕೇರಳದ ಅಡಕೆ ಬೆಳೆಗಾರರಿಗಾಗಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಹುಟ್ಟಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಆಗ ಕೊಕ್ಕೊ ಖರೀದಿಗೂ ಇಳಿಯಿತು. ಬೀಜವನ್ನು ಹುದುಗಿಸಿ ಒಣಗಿಸುವುದರಲ್ಲಿಗೇ ನಿಲ್ಲದೆ, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ಬೀಜ ಮಾರುತ್ತಿದ್ದವರ ಸಂಸ್ಥೆ ಹೀಗೆ ಕಂಪನಿಗಳಿಗೆ ಸ್ಪರ್ಧಿಯಾಯಿತು. ಮುಂದೆ ನೆಸ್ಲೆಗೂ ಸರಕು ತಯಾರಿಸಿಕೊಟ್ಟಿತು.

ನಾಳೆ ಇನ್ನೊಂದು ಹೊಸ ಬೆಳೆ ನಮ್ಮ ಅಂಗಳಕ್ಕೆ ಬಂದರೆ, ಸಸಿಯ ಜೊತೆಗೆ ಸಂಸ್ಕರಣೆಯ ವಿದ್ಯೆಯನ್ನೂ ನಾವು ಕೇಳಿ ಕಲಿಯೋಣ.