ಬೆಕ್ಕು 'ಖಕ್ ಖಕ್' ಎಂದಾಗಲೆಲ್ಲ ಕೂದಲುಂಡೆಯೇ ಕಾರಣವಲ್ಲ



ಮಣಿಕೊಂಡದ ಅಪಾರ್ಟ್‌ಮೆಂಟುಗಳಲ್ಲಿ ಬೆಕ್ಕು ಸಾಕಿರುವ ಕನ್ನಡ ಮನೆಗಳಿಗಾಗಿ ಈ ಬರಹ. ಊರಿನ ಬೆಕ್ಕು ಹಿತ್ತಲಲ್ಲಿ ಗರಿಕೆ ತಿಂದು, ಅಲ್ಲೇ ಕೂದಲು ಕಕ್ಕಿ ಬರುತ್ತಿತ್ತು. ನಮಗೆ ಗೊತ್ತೇ ಆಗುತ್ತಿರಲಿಲ್ಲ. ಫ್ಲಾಟಿನಲ್ಲಿ ಅದೇ ಕೆಲಸ ಸೋಫಾದ ಮೇಲೆ ಆದಾಗ ಗಾಬರಿಯಾಗುತ್ತದೆ.

ನಾನು ಮನುಷ್ಯರ ಹೃದಯ ನೋಡುವ ವೈದ್ಯ. ಬೆಕ್ಕಿಗೆ ಚಿಕಿತ್ಸೆ ಕೊಡಬೇಕಾದವರು ಪಶುವೈದ್ಯರೇ. ಆದರೂ ಬರೆಯಲು ಒಂದು ಕಾರಣವಿದೆ. 'ಕೂದಲುಂಡೆ ಇರಬೇಕು' ಎಂದು ಮನೆಯವರು ಸುಮ್ಮನಾಗುವ ಸದ್ದು ಕೆಲವೊಮ್ಮೆ ಶ್ವಾಸಕೋಶದ ತೊಂದರೆಯದ್ದಾಗಿರುತ್ತದೆ.

*ಕೂದಲುಂಡೆ ಹೇಗೆ ಆಗುತ್ತದೆ?*

ಬೆಕ್ಕಿನ ನಾಲಿಗೆಯ ಮೇಲೆ ಹಿಮ್ಮುಖವಾಗಿ ಬಾಗಿದ ಸಣ್ಣ ಮುಳ್ಳುಗಳಿವೆ. ಮೈ ನೆಕ್ಕುವಾಗ ಉದುರಿದ ಕೂದಲು ಅದಕ್ಕೆ ಸಿಕ್ಕಿ ಹೊಟ್ಟೆಗೆ ಹೋಗುತ್ತದೆ. ಕೂದಲು ಜೀರ್ಣವಾಗುವುದಿಲ್ಲ. ಬಹುಪಾಲು ಮಲದಲ್ಲಿ ಹೊರಬೀಳುತ್ತದೆ. ಉಳಿದದ್ದು ಉಂಡೆಗಟ್ಟಿ ವಾಂತಿಯಾಗುತ್ತದೆ. ಅನ್ನನಾಳದಲ್ಲಿ ಹಾದು ಬರುವುದರಿಂದ ಅದು ದುಂಡಗಿರದೆ ಉದ್ದಕ್ಕೆ, ಬತ್ತಿಯಂತೆ ಇರುತ್ತದೆ. ಪರ್ಷಿಯನ್‌ನಂಥ ಉದ್ದ ಕೂದಲಿನ ಬೆಕ್ಕುಗಳಲ್ಲಿ ಇದು ಹೆಚ್ಚು.

ಅಪರೂಪಕ್ಕೊಮ್ಮೆ ಕಕ್ಕಿ, ಸ್ವಲ್ಪ ಹೊತ್ತಿನಲ್ಲೇ ಊಟ, ಆಟಕ್ಕೆ ಮರಳಿದರೆ ಚಿಂತೆ ಬೇಡ. ಪದೇ ಪದೇ ಆಗುತ್ತಿದ್ದರೆ ಹೊಟ್ಟೆ ಅಥವಾ ಕರುಳಿನ ಕಾಯಿಲೆ ಇರಬಹುದು. ಚಿಗಟ, ಅಲರ್ಜಿ ಅಥವಾ ಒತ್ತಡದಿಂದ ಬೆಕ್ಕು ಅತಿಯಾಗಿ ಮೈ ನೆಕ್ಕುತ್ತಿರಲೂಬಹುದು. ಮನೆ ಬದಲಾಯಿಸಿದಾಗ, ನೀವು ಊರಿಗೆ ಹೋಗಿ ಬಂದಾಗ ಇದನ್ನು ಗಮನಿಸಿ.

*ವಾಂತಿಯೋ, ಕೆಮ್ಮೋ?*

ಕೂದಲುಂಡೆ ಬರುವಾಗ ಹೊಟ್ಟೆ ಅಲೆಅಲೆಯಾಗಿ ಒಳಕ್ಕೆ ಹೋಗಿ ಬರುತ್ತದೆ, ಕೊನೆಗೆ ಏನಾದರೂ ಹೊರಬರುತ್ತದೆ. ಕೆಮ್ಮುವಾಗ ಬೆಕ್ಕು ನೆಲಕ್ಕೆ ಕುಗ್ಗಿ ಕತ್ತು ಮುಂದಕ್ಕೆ ಚಾಚುತ್ತದೆ, 'ಖಕ್ ಖಕ್' ಎಂದು, ಏನೂ ಬರದೆ, ಕೆಲವೊಮ್ಮೆ ಗುಟುಕು ನುಂಗಿ ಸುಮ್ಮನಾಗುತ್ತದೆ. ಇದು ಮತ್ತೆ ಮತ್ತೆ ಆದರೆ ಆಸ್ತಮಾ ಇರಬಹುದು. ಬೆಕ್ಕುಗಳಿಗೂ ಆಸ್ತಮಾ ಬರುತ್ತದೆ. ಅಗರಬತ್ತಿ, ಧೂಪ, ಸಿಗರೇಟಿನ ಹೊಗೆ ಅದನ್ನು ಕೆರಳಿಸುತ್ತವೆ.

ಇನ್ನು ಹೃದಯದ ವಿಷಯ. ಬೆಕ್ಕುಗಳಲ್ಲಿ ಅತಿ ಸಾಮಾನ್ಯ ಹೃದ್ರೋಗವೆಂದರೆ ಹೃದಯದ ಸ್ನಾಯು ದಪ್ಪವಾಗುವುದು. ಮೇನ್ ಕೂನ್ ತಳಿಯಲ್ಲಿ ಇದಕ್ಕೆ ಕಾರಣವಾಗುವ ಜೀನ್ ದೋಷವನ್ನು 2005ರಲ್ಲಿ ಗುರುತಿಸಲಾಯಿತು. ಅದೇ ಜೀನ್‌ನ ಇನ್ನೊಂದು ಬದಲಾವಣೆ ನಮ್ಮಲ್ಲಿ ಸುಮಾರು ನೂರಕ್ಕೆ ನಾಲ್ವರಲ್ಲಿ ಇದೆಯೆಂದು 2009ರಲ್ಲಿ ತೋರಿಸಿದ ಸಂಶೋಧನೆಯಲ್ಲಿ ಇದೇ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳಿದ್ದರು. ಹೃದಯ ಸೋತಾಗ ಮನುಷ್ಯರು ಕೆಮ್ಮುವುದುಂಟು, ಬೆಕ್ಕು ಕೆಮ್ಮುವುದು ಅಪರೂಪ. ಅದರ ಉಸಿರು ಮಾತ್ರ ವೇಗವಾಗುತ್ತದೆ.

ಆದ್ದರಿಂದ ಬೆಕ್ಕು ಗಾಢವಾಗಿ ನಿದ್ರಿಸುವಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು. 30ಕ್ಕಿಂತ ಕಡಿಮೆ ಇರಬೇಕು. ಅದಕ್ಕಿಂತ ಹೆಚ್ಚು ಪದೇ ಪದೇ ಕಂಡರೆ ಪಶುವೈದ್ಯರಿಗೆ ತೋರಿಸಿ.

*ತಡಮಾಡದೆ ಹೊರಡಬೇಕಾದ ಲಕ್ಷಣಗಳು*

1. ಬಾಯಿ ತೆರೆದು ಉಸಿರಾಡುವುದು, ಒಸಡು ನೀಲಿಯಾಗುವುದು.
2. ಏನೂ ಬರದೆ ಮತ್ತೆ ಮತ್ತೆ ಓಕರಿಸುವುದು, ನೀರೂ ನಿಲ್ಲದಿರುವುದು.
3. ಒಂದು ದಿನ ಪೂರ್ತಿ ಊಟ ಬಿಡುವುದು. ದಪ್ಪ ಬೆಕ್ಕು ಕೆಲವೇ ದಿನ ಉಪವಾಸವಿದ್ದರೂ ಯಕೃತ್ತಿಗೆ ಅಪಾಯ.
4. ಹೊಟ್ಟೆ ಉಬ್ಬರ, ಮಲ ಕಟ್ಟುವುದು, ಮಂಕಾಗಿ ಮೂಲೆ ಸೇರುವುದು. ಕರುಳು ಕಟ್ಟಿಕೊಂಡಿದ್ದರೆ ಆಪರೇಷನ್ ಬೇಕಾಗಬಹುದು.
5. ಹಿಂದಿನ ಕಾಲು ಹಠಾತ್ತನೆ ಸೋತು ನೋವಿನಿಂದ ಕೂಗುವುದು. ಹೃದಯದಿಂದ ಹೊರಟ ರಕ್ತದ ಗಡ್ಡೆ ರಕ್ತನಾಳವನ್ನು ಮುಚ್ಚಿರಬಹುದು.

*ಇವನ್ನು ಮಾಡಬೇಡಿ*

ಹರಳೆಣ್ಣೆ, ತೆಂಗಿನೆಣ್ಣೆ, ಪ್ಯಾರಾಫಿನ್ ಯಾವುದನ್ನೂ ಬಾಯಿಗೆ ಹುಯ್ಯಬೇಡಿ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಪ್ಯಾರಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಹುಳಿ ಅನ್ನವೂ ಬೇಡ. ಹೂ ಕಟ್ಟಿದ ದಾರ, ಹೊಲಿಗೆ ದಾರ ನುಂಗಿ ತುದಿ ಹೊರಗೆ ಕಂಡರೆ ಎಳೆಯಬೇಡಿ, ಕರುಳು ಹರಿಯುತ್ತದೆ. ಹಾಗೇ ಆಸ್ಪತ್ರೆಗೆ ಒಯ್ಯಿರಿ.

*ಇವನ್ನು ಮಾಡಿ*

ಉದ್ದ ಕೂದಲಿನ ಬೆಕ್ಕಿಗೆ ದಿನವೂ, ಗಿಡ್ಡ ಕೂದಲಿನದಕ್ಕೆ ವಾರಕ್ಕೆ ಎರಡು ಮೂರು ಸಲ ಬಾಚಿ. ಬಾಚಣಿಗೆಗೆ ಬಂದ ಕೂದಲು ಹೊಟ್ಟೆಗೆ ಹೋಗದ ಕೂದಲು. ಎರಡು ಮೂರು ಕಡೆ ನೀರಿಡಿ, ಒಣ ಕಾಳಿನ ಜೊತೆ ತೇವದ ಆಹಾರವನ್ನೂ ಕೊಡಿ. ಉಪ್ಪು, ಒಗ್ಗರಣೆ ಇಲ್ಲದ ಬೇಯಿಸಿದ ಸಿಹಿಗುಂಬಳ ಒಂದು ಚಮಚ ಕೊಡಬಹುದು. ಕುಂಡದಲ್ಲಿ ಗೋಧಿ ಮೊಳಕೆ ಬೆಳೆಸಿದರೆ ಗರಿಕೆಯ ಬದಲು ಅದನ್ನು ಮೆಲ್ಲುತ್ತದೆ. ಕೂದಲುಂಡೆಯ ಪೇಸ್ಟನ್ನು ಪಶುವೈದ್ಯರನ್ನು ಕೇಳಿಯೇ ಕೊಡಿ.

ಸದ್ದು ಶುರುವಾದಾಗ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಕ್ಲಿನಿಕ್ಕಿಗೆ ಹೋದಾಗ ಬೆಕ್ಕು ಸುಮ್ಮನಿರುತ್ತದೆ. ನಿಮಗೆ ತೆಲುಗು ಬಾರದಿದ್ದರೂ ವಿಡಿಯೊ ಎಲ್ಲವನ್ನೂ ಹೇಳುತ್ತದೆ. ನಮಗೆ ಹತ್ತಿರದ ರಾಜೇಂದ್ರನಗರದಲ್ಲಿ ಪಶುವೈದ್ಯ ಕಾಲೇಜಿದೆ. ರಾತ್ರಿ ತೆರೆದಿರುವ ಒಂದು ಕ್ಲಿನಿಕ್ಕಿನ ನಂಬರನ್ನೂ ಇಂದೇ ಸೇವ್ ಮಾಡಿಟ್ಟುಕೊಳ್ಳಿ. ಊರಿಗೆ ಹೋಗುವಾಗ ಬೆಕ್ಕನ್ನು ನೋಡಿಕೊಳ್ಳುವವರಿಗೆ ಆ ನಂಬರನ್ನೂ ಮೇಲಿನ ಐದು ಲಕ್ಷಣಗಳನ್ನೂ ಕಳುಹಿಸಿ.

ಇವತ್ತು ರಾತ್ರಿ ನಿಮ್ಮ ಬೆಕ್ಕು ಮಲಗಿದ ಮೇಲೆ ಒಂದು ನಿಮಿಷ ಉಸಿರು ಎಣಿಸಿ ಬರೆದಿಡಿ. ಬೆಕ್ಕಿರುವ ಮನೆಗಳಿಗೆ ಇದನ್ನು ತಲುಪಿಸಿ.

– ಹೃದ್ರೋಗ ತಜ್ಞ, ಎಂ.ಡಿ., ಮಣಿಕೊಂಡ