ಗಾಡಿಯ ಸರ್ವಿಸು: ಯಾವುದು ಅಗತ್ಯ, ಯಾವುದು ಅನಗತ್ಯ?

ಗುಬ್ಬಿ, ಕುಣಿಗಲ್ ಭಾಗದ ನಮ್ಮ ಸದಸ್ಯರಲ್ಲಿ ಸ್ವಂತ ಕಾರನ್ನೋ ಪಿಕಪ್ ಗಾಡಿಯನ್ನೋ ಇಟ್ಟುಕೊಂಡವರು ಈಗ ಕಡಿಮೆಯೇನಿಲ್ಲ. ತೋಟಕ್ಕೆ ಗೊಬ್ಬರ ಒಯ್ಯುವುದಕ್ಕೆ, ಅಡಿಕೆ ಮೂಟೆಯನ್ನು ಮಂಡಿಗೆ ತಲುಪಿಸುವುದಕ್ಕೆ, ಕಾಯಿಲೆಯವರನ್ನು ತುಮಕೂರಿಗೆ ಕರೆದೊಯ್ಯುವುದಕ್ಕೆ ಗಾಡಿ ಬೇಕೇ ಬೇಕು. ಆದರೆ ಸರ್ವಿಸಿಗೆ ಬಿಟ್ಟ ದಿನ ಕೈಗೆ ಬರುವ ಬಿಲ್ಲು ಮಾತ್ರ ಅನೇಕರಿಗೆ ಒಗಟಾಗಿಯೇ ಉಳಿದಿದೆ.

ಗುಬ್ಬಿ ತಾಲ್ಲೂಕಿನ ಸದಸ್ಯರೊಬ್ಬರು ಈಚೆಗೆ ಅಂತಹ ಒಂದು ಅಂದಾಜು ಪಟ್ಟಿಯನ್ನು ನಮ್ಮಲ್ಲಿಗೆ ತಂದರು. ಅದರಲ್ಲಿ ಒಂಬತ್ತು ಬಾಬುಗಳಿದ್ದವು. ಗಾಡಿಯೊಂದಿಗೆ ಕಂಪನಿ ಕೊಟ್ಟ ಕೈಪಿಡಿಯನ್ನು ಪಕ್ಕದಲ್ಲಿಟ್ಟು ತಾಳೆ ನೋಡಿದೆವು. ನಾಲ್ಕು ಬಾಬುಗಳು ಮಾತ್ರ ಅದರಲ್ಲಿದ್ದವು. ಇಲ್ಲದ ಐದಕ್ಕೇ ಅರ್ಧಕ್ಕಿಂತ ಹೆಚ್ಚು ಹಣ ಹಾಕಲಾಗಿತ್ತು. ಅದಕ್ಕಿಂತ ಆಶ್ಚರ್ಯವೆಂದರೆ, ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕೆಂದು ಕೈಪಿಡಿ ಹೇಳಿದ್ದ ಬ್ರೇಕ್ ಆಯಿಲ್ ಆ ಪಟ್ಟಿಯಲ್ಲಿ ಇರಲೇ ಇಲ್ಲ! ಬೇಡದ್ದಕ್ಕೆ ಹಣ ತೆತ್ತು, ಬೇಕಾದುದನ್ನು ಬಿಟ್ಟು ಬರುವ ಪರಿಸ್ಥಿತಿ ಅದು. ಆದುದರಿಂದ ಈ ವಿಷಯವನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಕೈಪಿಡಿಯೇ ಆಧಾರ

ಮಣ್ಣು ಪರೀಕ್ಷೆ ಮಾಡಿಸದೆ ಅಂಗಡಿಯವರು ಹೇಳಿದ ಗೊಬ್ಬರವನ್ನೆಲ್ಲ ತೋಟಕ್ಕೆ ಸುರಿಯುವ ಬೆಳೆಗಾರನನ್ನು ನಾವು ಜಾಣನೆನ್ನುವುದಿಲ್ಲ. ಗಾಡಿಯ ವಿಷಯವೂ ಹಾಗೆಯೇ. ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಏನು ಮಾಡಿಸಬೇಕೆಂಬ ಕೋಷ್ಟಕ ಕೈಪಿಡಿಯಲ್ಲಿ ಇರುತ್ತದೆ. ಅದನ್ನು ಬರೆದವರು ಗಾಡಿಯನ್ನು ತಯಾರಿಸಿದವರು; ವಾರಂಟಿ ಕಾಲದಲ್ಲಿ ಇಂಜಿನ್ ಕೆಟ್ಟರೆ ನಷ್ಟ ಹೊರಬೇಕಾದವರೂ ಅವರೇ. ಕೌಂಟರಿನಲ್ಲಿ ಕೊಡುವ ಪಟ್ಟಿಯಾದರೋ ಮಾರಾಟದ ಪಟ್ಟಿಯೂ ಆಗಿರಬಹುದು. ‘ಉಚಿತ ಸರ್ವಿಸು’ ಎಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ. ಆಯಿಲ್, ಫಿಲ್ಟರುಗಳಿಗೆ ಹಣ ಕೊಡಲೇಬೇಕು ಎಂಬುದನ್ನೂ ನೆನಪಿನಲ್ಲಿಡಬೇಕು.

ಎಂದಿಗೂ ಬಿಡಬಾರದ ಕೆಲಸಗಳು

1. ಇಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರ್. ಈಗಿನ ಅನೇಕ ಕಾರುಗಳಿಗೆ 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು. ಗಾಡಿ ಹೆಚ್ಚು ಓಡಿಲ್ಲವೆಂದು ವರ್ಷ ಮೀರಿಸಬಾರದು. ಮನೆಯಿಂದ ತೋಟಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಇಂಜಿನ್ ಸರಿಯಾಗಿ ಕಾಯುವುದಿಲ್ಲ. ತೇವ ಆಯಿಲಿನಲ್ಲಿಯೇ ಉಳಿದು ಅದನ್ನು ಕೆಡಿಸುತ್ತದೆ.

2. ಬ್ರೇಕ್ ಆಯಿಲ್. ಇದು ಗಾಳಿಯಲ್ಲಿನ ತೇವವನ್ನು ಹೀರುವ ಗುಣವುಳ್ಳದ್ದು. ತೇವ ಹೆಚ್ಚಿದಷ್ಟೂ ಕಡಿಮೆ ಶಾಖಕ್ಕೇ ಕುದಿಯುತ್ತದೆ. ಕುಣಿಗಲ್ ದಾರಿಯಾಗಿ ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೊರಟವರು ಶಿರಾಡಿ ಘಾಟಿ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಒತ್ತಿ ಅದು ಕಾದು ಕುದಿದರೆ ಪೆಡಲ್ ಕೆಳಕ್ಕೆ ಕುಸಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಮನೆಮಂದಿಯ ಜೀವವನ್ನು ಪಣಕ್ಕೊಡ್ಡಬಾರದು.

3. ಬ್ರೇಕ್ ಪ್ಯಾಡು, ಟೈರು. ಟೈರಿನ ಗೀರುಗಳ ಆಳ 1.6 ಮಿ.ಮೀ.ಗೆ ಇಳಿದರೆ ಬದಲಿಸಲೇಬೇಕು.

4. ಕೂಲಂಟ್, ಮತ್ತು ಬೆಲ್ಟ್ ಇರುವ ಇಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟ್. ಅವಧಿ ಮೀರಿದ ಬೆಲ್ಟ್ ಓಡುವಾಗ ಹರಿದರೆ ಇಂಜಿನ್ನೇ ಹಾಳಾಗಬಹುದು.

ನಮ್ಮ ರಸ್ತೆಗೆ ತಕ್ಕ ಲೆಕ್ಕ

ಕೈಪಿಡಿಯಲ್ಲಿ ‘ಕಠಿಣ ಬಳಕೆ’ ಎಂಬ ಇನ್ನೊಂದು ಕೋಷ್ಟಕ ಸಾಮಾನ್ಯವಾಗಿ ಇರುತ್ತದೆ. ಧೂಳಿನ ರಸ್ತೆ, ಚಿಕ್ಕ ಚಿಕ್ಕ ಓಡಾಟ, ಹೆಚ್ಚಿನ ಹೊರೆ ಇವೆಲ್ಲ ಅದಕ್ಕೆ ಸೇರುತ್ತವೆ. ನಮ್ಮ ತೋಟದ ದಾರಿಗಳು ಬಹುಮಟ್ಟಿಗೆ ಅಂತಹವೇ. ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು ಏರ್ ಫಿಲ್ಟರನ್ನು ಬೇಗ ಮುಚ್ಚುತ್ತದೆ. ಆಗ ಇಂಜಿನ್ನಿಗೆ ಉಸಿರು ಕಟ್ಟಿ ಶಕ್ತಿ ಕುಂದುತ್ತದೆ. ಆದುದರಿಂದ ಏರ್ ಫಿಲ್ಟರನ್ನು ಮಾತ್ರ ಪೇಟೆಯವರಿಗಿಂತ ಮುಂಚಿತವಾಗಿ ನೋಡಿಸುವುದು, ಬೇಕಿದ್ದರೆ ಬದಲಿಸುವುದು ಸರಿ.

ಏಪ್ರಿಲ್ 2020ರಿಂದ ಮಾರಾಟವಾದ ಬಿ.ಎಸ್. 6 ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಸದಾ ತೋಟ ಮನೆಯ ನಡುವೆಯೇ ಓಡುವ ಗಾಡಿಯಲ್ಲಿ ಅದು ಬೇಗ ತುಂಬಿ ಎಚ್ಚರಿಕೆಯ ದೀಪ ಹತ್ತುತ್ತದೆ. ಕೂಡಲೇ ಗಾಬರಿಯಾಗಿ ಸಾವಿರಾರು ರೂಪಾಯಿಯ ಶುಚಿ ಕೆಲಸಕ್ಕೆ ಒಪ್ಪಬೇಕಿಲ್ಲ. ಕೈಪಿಡಿ ಹೇಳಿದ ವೇಗದಲ್ಲಿ, ಹೇಳಿದಷ್ಟು ಹೊತ್ತು ಹೆದ್ದಾರಿಯಲ್ಲಿ ನಿಲ್ಲಿಸದೆ ಓಡಿಸಿದರೆ ಮಸಿ ತಾನಾಗಿ ಉರಿದುಹೋಗುವುದುಂಟು. ಗುಬ್ಬಿಯಿಂದ ತುಮಕೂರಿಗೆ ಒಮ್ಮೆ ಹೋಗಿಬರುವುದೇ ಹಲವು ಬಾರಿ ಸಾಕಾಗುತ್ತದೆ. ಆಮೇಲೂ ದೀಪ ಆರದಿದ್ದರೆ ಮಾತ್ರ ತಡಮಾಡದೆ ತೋರಿಸಬೇಕು.

ಬೇಡವೆನ್ನಬಹುದಾದವು

ಕೈಪಿಡಿಯಲ್ಲಿ ಇಲ್ಲದೆ, ಗಾಡಿಯಲ್ಲಿ ದೋಷವೂ ಕಾಣದಿದ್ದಾಗ ಇಂಜಿನ್ ಫ್ಲಶ್, ಇಂಜೆಕ್ಟರ್ ಶುಚಿ, ಡೀಕಾರ್ಬನೈಸಿಂಗ್, ಆಯಿಲಿಗೆ ಬೆರೆಸುವ ಡಬ್ಬಿ ಔಷಧಗಳನ್ನು ಬೇಡವೆನ್ನಬಹುದು. ಎ.ಸಿ. ಚೆನ್ನಾಗಿ ತಣ್ಣಗಾಗುತ್ತಿದ್ದು ವಾಸನೆ ಇಲ್ಲದಿದ್ದರೆ ಅದರ ಶುಚಿ ಕೆಲಸ ಬೇಕಿಲ್ಲ. ಬಣ್ಣದ ಮೇಲಿನ ಟೆಫ್ಲಾನ್ ಲೇಪ ಅಂದಕ್ಕೆ ಮಾತ್ರ. ಟೈರಿಗೆ ನೈಟ್ರೋಜನ್ ತುಂಬಿಸಬೇಕೆನ್ನುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿಯೇ ಶೇಕಡಾ 78 ಭಾಗ ನೈಟ್ರೋಜನ್ ಇದೆ. ಹದಿನೈದು ದಿನಕ್ಕೊಮ್ಮೆ ಗಾಳಿ ಅಳೆಸುವುದೇ ಹೆಚ್ಚು ಪ್ರಯೋಜನಕರ. ಗಾಡಿ ಒಂದು ಕಡೆಗೆ ಎಳೆದರೆ, ಟೈರು ಒಂದೇ ಮಗ್ಗುಲು ಸವೆದರೆ ಅಥವಾ ದೊಡ್ಡ ಗುಂಡಿಗೆ ಬಿದ್ದಿದ್ದರೆ ಅಲೈನ್‌ಮೆಂಟ್ ಮಾಡಿಸಲೇಬೇಕು.

ಆದರೆ ಇನ್ನೊಂದು ತುದಿಗೂ ಹೋಗಬಾರದು. ಕುಣಿಗಲ್ ಕಡೆಯ ಸದಸ್ಯರೊಬ್ಬರು ಬಿಲ್ಲಿನಿಂದ ಬೇಸತ್ತು ಎರಡು ವರ್ಷ ಗಾಡಿಯನ್ನು ಸರ್ವಿಸಿಗೇ ಬಿಡಲಿಲ್ಲ. ಪ್ಯಾಡು ಪೂರ್ತಿ ಸವೆದು ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಡಿಸ್ಕೂ ಹಾಳಾಯಿತು. ಉಳಿಸಿದ ಹಣಕ್ಕಿಂತ ಖರ್ಚೇ ಹೆಚ್ಚಾಯಿತು.

ವಾರಂಟಿಯ ಭಯ

‘ಇದನ್ನು ಮಾಡಿಸದಿದ್ದರೆ ವಾರಂಟಿ ಹೋಗುತ್ತದೆ’ ಎಂದರೆ, ಕೈಪಿಡಿಯ ಯಾವ ಪುಟದಲ್ಲಿ ಹಾಗಿದೆ ಎಂದು ಶಾಂತವಾಗಿ ಕೇಳಿರಿ. ಭಾರತೀಯ ಸ್ಪರ್ಧಾ ಆಯೋಗವು ಆಗಸ್ಟ್ 2014ರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳು ಹೊರಗಿನ ಮೆಕ್ಯಾನಿಕರಿಗೆ ಸಿಗದಂತೆ ತಡೆದುದು ಮುಖ್ಯ ಆರೋಪ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಮಾಡುವಂತಿಲ್ಲ, ಆ ರಿಪೇರಿಯಿಂದಲೇ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದೂ ಅದು ಹೇಳಿತು. ಕಂಪನಿಗಳು ಈ ಆದೇಶವನ್ನು ನ್ಯಾಯಾಲಯಗಳಲ್ಲಿ ಪ್ರಶ್ನಿಸಿದವು. ಆದುದರಿಂದ ವಾರಂಟಿ ಮುಗಿಯುವವರೆಗೆ ಕೈಪಿಡಿಯ ಸರ್ವಿಸುಗಳನ್ನು ಅಧಿಕೃತ ಕೇಂದ್ರದಲ್ಲಿಯೇ ಹೊತ್ತಿಗೆ ಸರಿಯಾಗಿ ಮಾಡಿಸಿ, ಬಿಲ್ಲುಗಳನ್ನು ಜೋಪಾನವಾಗಿಡುವುದು ಕ್ಷೇಮ. ಅನಂತರ ನಂಬಿಕೆಯ ಮೆಕ್ಯಾನಿಕರ ಬಳಿಗೆ ಹೋಗಲು ಅಡ್ಡಿಯಿಲ್ಲ.

ಗಾಡಿ ಬಿಡುವ ಮುನ್ನ

ಹಿಂದಿನ ರಾತ್ರಿಯೇ ಕೈಪಿಡಿ ನೋಡಿ, ಮಾಡಿಸಬೇಕಾದುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಇಂಗ್ಲಿಷ್ ತಿಳಿಯದಿದ್ದರೆ ಓದಿದ ಮಕ್ಕಳಿಂದ ಓದಿಸಿಕೊಳ್ಳಿರಿ. ‘ನನ್ನನ್ನು ಕೇಳದೆ ಹೆಚ್ಚಿನ ಕೆಲಸ ಮಾಡಬಾರದು’ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ, ಅದರ ಪ್ರತಿ ಪಡೆಯಿರಿ. ಬದಲಿಸಿದ ಹಳೆಯ ಭಾಗಗಳನ್ನು ತೋರಿಸಲು ಕೇಳಿರಿ. ಮಾಡದ ಕೆಲಸಕ್ಕೆ ಹಣ ಪಡೆದಿದ್ದರೆ ಮೊದಲು ಅಲ್ಲಿಯೇ ಲಿಖಿತ ದೂರು ಕೊಡಿರಿ. ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಅಥವಾ ಎರಡು ವರ್ಷದೊಳಗೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು.

ಮೇಲೆ ಹೇಳಿದ ಗುಬ್ಬಿಯ ಸದಸ್ಯರು ಐದು ಬಾಬುಗಳನ್ನು ಹೊಡೆದುಹಾಕಿಸಿ, ಬ್ರೇಕ್ ಆಯಿಲನ್ನು ಸೇರಿಸಿಸಿದರು. ಬಿಲ್ಲು ಅರ್ಧಕ್ಕೆ ಹತ್ತಿರ ಇಳಿಯಿತು, ಗಾಡಿ ಮೊದಲಿಗಿಂತ ಸುರಕ್ಷಿತವಾಯಿತು. ಕೈಪಿಡಿಯನ್ನು ಗಾಡಿಯ ಡಬ್ಬಿಯಿಂದ ಹೊರತೆಗೆದುದಷ್ಟೇ ಅವರು ಮಾಡಿದ ಹೊಸ ಕೆಲಸ. ಉಳಿದ ಸದಸ್ಯರೂ ಇದನ್ನು ಅನುಸರಿಸುವರೆಂದು ನಂಬಿದ್ದೇವೆ.